ಲೈಬ್ರರಿಯನ್ನು ಕೋಚಿಂಗ್ ಕ್ಲಾಸು ಮಾಡಬೇಡಿ



ಕಳೆದ ಸಂಚಿಕೆಯ ಕೊನೆಯ ಪುಟದಲ್ಲಿ, ಯುಗಾದಿ ಊಟದ ಖರ್ಚುವೆಚ್ಚದ ಕೆಳಗೆ, ಕಾರ್ಯಕಾರಿ ಸಮಿತಿಯ ನಾಲ್ಕು ಸಾಲಿನ ಒಂದು ಪ್ರಕಟಣೆ ಇತ್ತು. ಪತ್ರಿಕೆ ಕೈಗೆ ಬಂದೊಡನೆ ಅಡುಗೆ ಪುಟಕ್ಕೂ ಪದಬಂಧಕ್ಕೂ ಹಾರುವವರು ಅದನ್ನು ಗಮನಿಸಿರಲಿಕ್ಕಿಲ್ಲ. ಪಬ್ಲಿಕ್ ಲೈಬ್ರರಿಯವರು ಬಾಡಿಗೆಯಿಲ್ಲದೆ ಕೊಡುವ ಮೀಟಿಂಗ್ ರೂಮಿನಲ್ಲಿ ಶನಿವಾರ ಬೆಳಗ್ಗೆ ನಮ್ಮ ಕನ್ನಡ ತರಗತಿ ನಡೆಯುತ್ತದಷ್ಟೆ. ಅದಕ್ಕೆ ಏಳು, ಎಂಟನೆಯ ಗ್ರೇಡಿನ ಮಕ್ಕಳು ಬರುವುದೇ ನಿಂತುಹೋಗಿದೆ. ಆದ್ದರಿಂದ ಆ ವಯಸ್ಸಿನವರಿಗೆ ಅದೇ ಎರಡು ಗಂಟೆಯಲ್ಲಿ ಗಣಿತ ಮತ್ತು ಇಂಗ್ಲಿಷ್ ಶಬ್ದಭಂಡಾರದ ಕೋಚಿಂಗ್ ಕೊಡಿಸಿದರೆ ಹೇಗೆ ಎಂದು ಸಮಿತಿ ಕೇಳಿದೆ. ಅಭಿಪ್ರಾಯವನ್ನು ಬರೆದು ತಿಳಿಸಿ ಎಂದೂ ಇತ್ತು. ಬರೆದಿದ್ದೇನೆ. ಹೇಗೂ ಆಗಬಾರದು ಎಂಬುದು ನನ್ನ ಅಭಿಪ್ರಾಯ.

ಸಮಿತಿಯವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಅವರೂ ನನ್ನ ಹಾಗೆ ತಂದೆತಾಯಿಯರು. ಕನ್ನಡಕ್ಕೆ ಬಾರದ ಹುಡುಗರು ಕೋಚಿಂಗಿಗಾದರೂ ಬರುತ್ತಾರೆ, ಬಂದರೆ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಾರೆ, ಸಂಘದ ನಂಟು ಉಳಿಯುತ್ತದೆ ಎಂಬ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೆ ಸಾವಿರಾರು ಪುಸ್ತಕಗಳಿರುವ ಕಟ್ಟಡದೊಳಗೆ ಹದಿಮೂರು ವರ್ಷದ ಮಕ್ಕಳನ್ನು ಕರೆದೊಯ್ದು, ಒಂದು ಕೋಣೆಯ ಬಾಗಿಲು ಹಾಕಿ, ಜೆರಾಕ್ಸ್ ಮಾಡಿದ ಪ್ರಶ್ನೆಪತ್ರಿಕೆ ಬಿಡಿಸಿಸುವುದೆಂದರೆ ಮದುವೆಮನೆಗೆ ಬುತ್ತಿ ಕಟ್ಟಿಕೊಂಡು ಹೋದ ಹಾಗಲ್ಲವೇ?

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳೋಣ. ನಾವು ಲೈಬ್ರರಿಯನ್ನು ಉಪಯೋಗಿಸುವುದು ಹೇಗೆ? ಮಕ್ಕಳು ಚಿಕ್ಕವರಿದ್ದಾಗ ಚಿತ್ರದ ಪುಸ್ತಕಗಳನ್ನು ಚೀಲ ತುಂಬ ತರುತ್ತೇವೆ. ಹತ್ತು ವರ್ಷ ದಾಟಿತೋ, ಬಾಗಿಲಲ್ಲಿ ಇಳಿಸಿ, 'ಹನ್ನೆರಡಕ್ಕೆ ಬರ್ತೀನಿ' ಎಂದು ಹೇಳಿ ದಿನಸಿ ತರಲು ಹೋಗುತ್ತೇವೆ. ಒಳಗೆ ಹೋದರೂ ಪರೀಕ್ಷೆಯ ಗೈಡುಗಳಿರುವ ಒಂದೇ ಕಪಾಟು ನಮಗೆ ಗೊತ್ತು. ನಮ್ಮನ್ನೂ ಪೂರ್ತಿ ದೂರುವಂತಿಲ್ಲ. ನಾನು ಬೆಳೆದ ಊರಿನ ವಾಚನಾಲಯದಲ್ಲಿ ಕೈಗೆ ಸಿಗುತ್ತಿದ್ದದ್ದು ಮೇಜಿನ ಮೇಲಿನ ದಿನಪತ್ರಿಕೆಗಳು ಮಾತ್ರ. ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೈ ಊಟಕ್ಕೆ ಹೋದವರ ಜೇಬಿನಲ್ಲಿ. ಹೆಸರು ಹೇಳಿದರೆ ತೆಗೆದುಕೊಡುತ್ತಿದ್ದರು. ಯಾವ ಪುಸ್ತಕ ಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಪುಸ್ತಕ! ಹಾಗೆ ಬೆಳೆದ ನಮಗೆ ತೆರೆದ ಕಪಾಟುಗಳ ನಡುವೆ ಸುಮ್ಮನೆ ಅಡ್ಡಾಡುವುದು ಹೊತ್ತು ಕಳೆಯುವ ಕೆಲಸದಂತೆ ಕಂಡರೆ ಆಶ್ಚರ್ಯವಿಲ್ಲ.

ನಾನೂ ಎಡವಿದವಳೇ. ಎರಡು ವರ್ಷದ ಹಿಂದೆ, ಮಗಳಿಗೆ ಹನ್ನೆರಡು ತುಂಬಿದಾಗ, ಲೈಬ್ರರಿಗೆ ಹೋಗುವುದನ್ನೂ ಒಂದು ಪಾಠ ಮಾಡಿಬಿಡೋಣವೆಂದು ರಾತ್ರಿ ಕೂತು ಇಪ್ಪತ್ತು ಪ್ರಶ್ನೆಗಳ ಪಟ್ಟಿ ತಯಾರಿಸಿದೆ. ವಿಜ್ಞಾನಕ್ಕೆ ಐದು, ಇತಿಹಾಸಕ್ಕೆ ಐದು, ಗಣಿತಕ್ಕೆ ಐದು, ಭೂಗೋಳಕ್ಕೆ ಐದು. ಅವಳು ನಲವತ್ತು ನಿಮಿಷದಲ್ಲಿ ಇಪ್ಪತ್ತಕ್ಕೂ ಉತ್ತರ ತುಂಬಿ ತಂದಳು. ಕಂಪ್ಯೂಟರಿನ ಮುಂದೆ ಕೂತಿದ್ದಳು, ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ. 'ಆಯ್ತಾ ಅಮ್ಮಾ? ಹೋಗೋಣ್ವಾ?' ಎಂದಳು. ಆ ಇಪ್ಪತ್ತರಲ್ಲಿ ಒಂದು ಉತ್ತರವೂ ಇವತ್ತು ಅವಳಿಗೆ ನೆನಪಿಲ್ಲ. ನಿಜ ಹೇಳಬೇಕೆಂದರೆ ಪ್ರಶ್ನೆಗಳು ನನಗೂ ನೆನಪಿಲ್ಲ.

ಕಳೆದ ಚಳಿಗಾಲದಲ್ಲಿ ಆದದ್ದೇ ಬೇರೆ. ಮನೆಯಲ್ಲಿ ಹುಳಿಗೆ ಖಾರ ಹೆಚ್ಚಾಗಿ, ಅವಳು ನೀರು ಕುಡಿದಳು, ಕಣ್ಣೀರಿಟ್ಟಳು, ಮತ್ತೆ ನೀರು ಕುಡಿದಳು. 'ನೀರು ಕುಡಿದ್ರೆ ಯಾಕಮ್ಮಾ ಇನ್ನೂ ಜಾಸ್ತಿ ಉರಿಯತ್ತೆ? ಮಜ್ಜಿಗೆ ಕುಡಿದ್ರೆ ಯಾಕೆ ಹೋಗತ್ತೆ?' ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯವರು ಎಂಜಿನಿಯರು, ಅವರಿಗೂ ಗೊತ್ತಿರಲಿಲ್ಲ. 'ಶನಿವಾರ ಲೈಬ್ರರಿಯಲ್ಲಿ ನೋಡೋಣ, ನಾನೂ ಬರ್ತೀನಿ' ಎಂದೆ. ಈ ಸಲ ಪಟ್ಟಿ ಇರಲಿಲ್ಲ. ಇದ್ದದ್ದು ಆ ಒಂದು ಪ್ರಶ್ನೆ.

ಮೊದಲು 641ರ ಕಪಾಟು, ಅಡುಗೆ ಪುಸ್ತಕಗಳದ್ದು. ಅಲ್ಲಿ ಖಾರಕ್ಕೆ ಕಾರಣವಾದ ವಸ್ತುವಿನ ಹೆಸರು ಸಿಕ್ಕಿತು, ಕ್ಯಾಪ್ಸೈಸಿನ್. ಅದೇನೆಂದು ತಿಳಿಯಲು 540ಕ್ಕೆ, ರಸಾಯನಶಾಸ್ತ್ರಕ್ಕೆ ಹೋಗಬೇಕಾಯಿತು. ಅದು ಕೊಬ್ಬಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದು ಅತ್ಯಲ್ಪ. ಆದ್ದರಿಂದ ನೀರು ಖಾರವನ್ನು ಬಾಯಿತುಂಬ ಹರಡುತ್ತದೆಯೇ ಹೊರತು ತೊಳೆಯುವುದಿಲ್ಲ. ಹಾಲು ಮೊಸರಿನ ಕೊಬ್ಬು ಮತ್ತು ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತವೆ. ಊಟದ ಕೊನೆಗೆ ಮೊಸರನ್ನ ಯಾಕೆ ಎಂದು ಅವಳಿಗೆ ನಾನು ಹತ್ತು ವರ್ಷ ಹೇಳಿದ ಯಾವ ಕಾರಣಕ್ಕಿಂತಲೂ ಇದು ಚೆನ್ನಾಗಿ ತಾಗಿತು.

ಅಲ್ಲಿಂದ 612, ಶರೀರಶಾಸ್ತ್ರ. ಖಾರವೆಂಬುದು ಸಿಹಿ, ಹುಳಿ, ಉಪ್ಪಿನಂಥ ರುಚಿಯೇ ಅಲ್ಲವಂತೆ, ಅದು ನೋವು! ಬಿಸಿ ಮುಟ್ಟಿದಾಗ ಎಚ್ಚರಿಸುವ ನರದ ಬಾಗಿಲನ್ನೇ ಮೆಣಸಿನಕಾಯಿಯೂ ತಟ್ಟುತ್ತದೆ. ಆ ಬಾಗಿಲನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. 598ರ ಕಪಾಟಿನಲ್ಲಿ ಹಕ್ಕಿಗಳು. ಹಕ್ಕಿಗಳಿಗೆ ಈ ಖಾರ ತಾಗುವುದೇ ಇಲ್ಲ. ಇಲಿ, ಮೊಲದಂಥ ಪ್ರಾಣಿಗಳು ಬೀಜವನ್ನು ಜಗಿದು ಹಾಳು ಮಾಡುತ್ತವೆ, ಹಕ್ಕಿಗಳು ಇಡಿಯಾಗಿ ನುಂಗಿ ದೂರ ಒಯ್ದು ಬಿತ್ತುತ್ತವೆ. ಗಿಡಕ್ಕೆ ಯಾರು ಬೇಕು, ಯಾರು ಬೇಡ ಎಂಬುದನ್ನು ಖಾರವೇ ಆರಿಸುತ್ತದೆ.

ಗಣಿತವನ್ನು ನಾನು ತುರುಕಲಿಲ್ಲ, ಅದು ತಾನಾಗಿ ಬಂತು. ಖಾರವನ್ನು ಅಳೆಯಲು ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞ 1912ರಲ್ಲಿ ಒಂದು ವಿಧಾನ ಹೂಡಿದ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿಗೆ ಹಾಕುತ್ತ, ನಾಲಿಗೆಗೆ ಖಾರ ಗೊತ್ತಾಗದಿರುವಷ್ಟು ತೆಳುವಾಗಲು ಎಷ್ಟು ಪಟ್ಟು ನೀರು ಬೇಕೆಂದು ಲೆಕ್ಕ ಹಾಕುವುದು. ಇಲ್ಲಿ ಪಿಜ್ಜಾಕ್ಕೆ ಹಾಕುವ ಹಲಪೀನ್ಯೊ ಸುಮಾರು 2,500ರಿಂದ 8,000. ಹಬನೇರೊ ಒಂದು ಲಕ್ಷದಿಂದ ಮೂರೂವರೆ ಲಕ್ಷ. ದಪ್ಪ ಮೆಣಸಿನಕಾಯಿ ಸೊನ್ನೆ. 'ಹಾಗಾದ್ರೆ ಎರಡು ಲಕ್ಷದ ಹಬನೇರೊ ಸಾರ ಒಂದು ಟೀ ಚಮಚ, ಐದು ಮಿಲಿಲೀಟರ್ ಇದ್ರೆ?' ಎಂದು ಕಾಗದ ತೆಗೆದಳು. ಸಾವಿರ ಲೀಟರ್ ಸಕ್ಕರೆ ನೀರು! ನಮ್ಮ ಬಾತ್‌ಟಬ್ ನಲವತ್ತು ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಸುಮಾರು ಏಳು ಬಾತ್‌ಟಬ್. ಅನುಪಾತವೂ ಅಳತೆಯ ಪರಿವರ್ತನೆಯೂ ಇವೇ ತಾನೇ ನಮ್ಮ ಕೋಚಿಂಗಿನ ಮೊದಲ ಎರಡು ಅಧ್ಯಾಯಗಳು?

ಇನ್ನು 970, 972, 954ರ ಇತಿಹಾಸದ ಕಪಾಟುಗಳು. ಮೆಣಸಿನಕಾಯಿ ನಮ್ಮದಲ್ಲ. ಅದು ಈ ಅಮೆರಿಕ ಖಂಡಗಳದ್ದು. ಮೆಕ್ಸಿಕೋದಲ್ಲಿ ಸಾವಿರಾರು ವರ್ಷದಿಂದ ಬೆಳೆಯುತ್ತಿದ್ದರು. ಚಿಲ್ಲಿ ಎಂಬ ಮಾತೇ ಅಲ್ಲಿನ ನಾವಾಟಲ್ ಭಾಷೆಯದು. 1492ರಲ್ಲಿ ಕೊಲಂಬಸ್ ಹುಡುಕಿ ಹೊರಟದ್ದು ನಮ್ಮ ಕರಾವಳಿಯ ಕಾಳುಮೆಣಸಿನಂಥ ಸಂಬಾರ ಪದಾರ್ಥಗಳನ್ನು. ಸಿಕ್ಕಿದ್ದು ಇದು. ಅದಕ್ಕೇ ಇಂಗ್ಲಿಷಿನಲ್ಲಿ ಎರಡಕ್ಕೂ 'ಪೆಪ್ಪರ್' ಎಂಬ ಒಂದೇ ಹೆಸರು ಅಂಟಿಕೊಂಡಿತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು, ಅವರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ಅದೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆಯುತ್ತಿದ್ದರು. ಆ ಮೆಣಸು ಕಾಳುಮೆಣಸು.

ಮಗಳು ಅಲ್ಲೇ ನೆಲದ ಮೇಲೆ ಕೂತಳು. 'ಹಾಗಾದ್ರೆ ಹುಳಿ ಇಂಡಿಯನ್ ಅಲ್ವಾ? ನಾನು ಶಾಲೆಗೆ ತಗೊಂಡು ಹೋದಾಗ ನಗ್ತಾರಲ್ಲ, ಅದರಲ್ಲಿರೋ ಖಾರ ಅಮೆರಿಕದ್ದಾ?' ಎಂದಳು. ಡಬ್ಬಿಯನ್ನು ನೋಡಿ ನಗುತ್ತಾರೆಂದು ಆವರೆಗೆ ಅವಳು ನನಗೆ ಹೇಳಿರಲಿಲ್ಲ. ಆರನೆಯ ಗ್ರೇಡಿನಿಂದ ಊಟದ ಡಬ್ಬಿ ತುಂಬಿಯೇ ವಾಪಸು ಬರುತ್ತಿದ್ದದ್ದು ಯಾಕೆಂದು ನನಗೆ ಆ ದಿನ, ಆ ಕಪಾಟಿನ ಬುಡದಲ್ಲಿ ಗೊತ್ತಾಯಿತು.

ಸಂಜೆ ಇನ್ನೊಂದು ತಿರುವು. ಇಂಗ್ಲಿಷಿನವರು ಹೆಸರು ಗೊಂದಲ ಮಾಡಿಕೊಂಡರು ಸರಿ, ಕನ್ನಡದವರು? ಮೆಣಸು, ಮೆಣಸಿನಕಾಯಿ. ನಾವೂ ಹಾಗೇ ಮಾಡಿದ್ದೇವೆ! ನಮ್ಮ ಅತ್ತೆ ಪುತ್ತೂರಿನವರು. ಮಗಳು ಫೋನು ಮಾಡಿ, 'ಅಜ್ಜಿ, ಮೆಣಸು ಅಂದ್ರೆ ಯಾವುದು?' ಎಂದು ಕೇಳಿದಳು. ಆ ಕಡೆಯಿಂದ, 'ಯಾವ ಮೆಣಸು ಮಗಾ? ಒಳ್ಳೆಮೆಣಸೋ, ಬರೀ ಮೆಣಸೋ?' ಎಂದರು. ಕರಾವಳಿಯಲ್ಲಿ ಮೆಣಸೆಂದರೆ ಕೆಂಪು ಮೆಣಸಿನಕಾಯಿ, ಕಾಳುಮೆಣಸಿಗೆ ಒಳ್ಳೆಮೆಣಸು ಎನ್ನುತ್ತಾರೆ. ಮಲಯಾಳದಲ್ಲೂ ಹಾಗೇ, ನಲ್ಲ ಮುಳಗು. ಮಗಳು ಒಂದು ನಿಮಿಷ ಯೋಚಿಸಿ ಹೇಳಿದಳು: ಹೊಸಬ ಬಂದು ಹಳಬನ ಹೆಸರು ಕಸಿದುಕೊಂಡ, ಅದಕ್ಕೇ ಹಳಬನಿಗೆ 'ಒಳ್ಳೆ' ಅಂತ ಸೇರಿಸಬೇಕಾಯಿತು. ಹದಿಮೂರು ವರ್ಷದ ಹುಡುಗಿಯ ಊಹೆ. ಆದರೆ ಇಂಥ ಊಹೆ ಮಾಡಲು ಇತಿಹಾಸವೂ ಬೇಕು, ಕನ್ನಡವೂ ಬೇಕು, ಅಜ್ಜಿಯೂ ಬೇಕು. ಮುಂದಿನ ಶನಿವಾರ ಅವಳೇ ನಿಘಂಟು ನೋಡಿ ಇನ್ನೊಂದು ತಂದಳು. 'ಪೆಪ್ಪರ್' ಎಂಬ ಇಂಗ್ಲಿಷ್ ಪದ ಲ್ಯಾಟಿನ್, ಗ್ರೀಕ್ ಹಾದು ಸಂಸ್ಕೃತದ 'ಪಿಪ್ಪಲೀ' ತನಕ ಹೋಗುತ್ತದೆ. ಅಜ್ಜಿಯ ಕಷಾಯದ ಹಿಪ್ಪಲಿಯೇ ಅದು.

ಈ ಕಥೆಯನ್ನು ನನ್ನ ಮಗಳು ಜಾಣೆಯೆಂದು ಹೇಳಿಕೊಳ್ಳಲು ಬರೆಯಲಿಲ್ಲ. ಗಣಿತದಲ್ಲಿ ಅವಳಿಗೆ ಬಿ ಬರುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೆ: ಮೆಣಸಿನಕಾಯಿ ಎಂಬ ಒಂದೇ ವಸ್ತುವಿಗಾಗಿ ನಾವು ಏಳೆಂಟು ಕಪಾಟುಗಳಿಗೆ ನಡೆಯಬೇಕಾಯಿತು. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ, ಒಂದು ಜಾಗ ಕೊಡುತ್ತದೆ. ಪುಸ್ತಕ ಹುಡುಕಲು ಅದು ಬೇಕೇ ಬೇಕು. ಆದರೆ ಲೋಕ ಹಾಗೆ ತುಂಡುತುಂಡಾಗಿಲ್ಲ. ಈ ತೊಡಕನ್ನು ಬಗೆಹರಿಸಲು ಹೊರಟವರು ನಮ್ಮವರೇ ಆದ ಎಸ್.ಆರ್. ರಂಗನಾಥನ್. ಅವರು ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದು, 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಒಂದು ವಿಷಯಕ್ಕೆ ಹಲವು ಮುಖಗಳಿರುತ್ತವೆ, ಅವನ್ನು ಬೇಕಾದಂತೆ ಜೋಡಿಸಲು ಬರಬೇಕು ಎಂದು 1933ರಲ್ಲಿ ಕೋಲನ್ ವರ್ಗೀಕರಣ ರಚಿಸಿದರು. ಲಂಡನ್ನಿನ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆಯ ತುಂಡುಗಳನ್ನು ಜೋಡಿಸುವುದನ್ನು ನೋಡಿದಾಗ ಅವರಿಗೆ ಇದು ಹೊಳೆಯಿತಂತೆ. ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಪದ್ಧತಿ ಇಲ್ಲಿನ ಲೈಬ್ರರಿಯಲ್ಲಿಲ್ಲ. ಹಾಗಾಗಿ ಆ ಜೋಡಿಸುವ ಕೆಲಸವನ್ನು ಮಗುವೇ ಕಾಲ್ನಡಿಗೆಯಲ್ಲಿ ಮಾಡಬೇಕು. ಕಲಿಕೆ ಇರುವುದು ಆ ನಡಿಗೆಯಲ್ಲಿ. ಕೋಚಿಂಗ್ ತೆಗೆದುಹಾಕುವುದು ಸರಿಯಾಗಿ ಅದನ್ನೇ.

ಈಗ ಆಕ್ಷೇಪಣೆಗಳು. ನನಗೆ ಫೋನಿನಲ್ಲಿ ಬಂದವೇ ನಾಲ್ಕಿವೆ.

ಒಂದು: 'ಇಂಟರ್‌ನೆಟ್ ಇದೆಯಲ್ಲ, ಲೈಬ್ರರಿ ಯಾಕೆ?' ಇಂಟರ್‌ನೆಟ್ಟು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೊಟ್ಟು ಕಳಿಸುತ್ತದೆ. ನನ್ನ ಇಪ್ಪತ್ತು ಪ್ರಶ್ನೆಗಳ ಗತಿ ನೋಡಿದಿರಲ್ಲ. ಕಪಾಟಿನಲ್ಲಿ ಬೇಕಾದ ಪುಸ್ತಕದ ಪಕ್ಕದಲ್ಲಿ ಕೇಳದ ಪುಸ್ತಕ ಇರುತ್ತದೆ. ಹಕ್ಕಿಗಳ ವಿಚಾರ ನಮಗೆ ಸಿಕ್ಕಿದ್ದು ಹಾಗೆ. ಬೇಡ ಎನ್ನುತ್ತಿಲ್ಲ, ನೊಬೆಲ್ ಬಹುಮಾನದ ವರ್ಷವನ್ನು ನಾವೂ ಕಂಪ್ಯೂಟರಿನಲ್ಲೇ ಸರಿನೋಡಿಕೊಂಡೆವು.

ಎರಡು: 'ಪರೀಕ್ಷೆಗೆ ಇದು ಬರುತ್ತದೆಯೇ?' ಬರುವುದಿಲ್ಲ. ಆದರೆ ಗುರುತಿಲ್ಲದ ವಿಷಯದ ಮೇಲೆ ಒಂದು ಪುಟ ಕೊಟ್ಟು, ಓದಿ ಅರ್ಥ ಮಾಡಿಕೋ ಎನ್ನುವುದೇ ಇಲ್ಲಿನ ಪರೀಕ್ಷೆಗಳ ಕ್ರಮ. ಐದು ಬಗೆಯ ಪುಸ್ತಕ ತಿರುವಿದವರಿಗೆ ಅದು ಸುಲಭವೋ, ಐನೂರು ಪದ ಉರು ಹೊಡೆದವರಿಗೋ? ಸ್ಪೆಲ್ಲಿಂಗ್ ಬೀಯಲ್ಲಿ ಕ್ಯಾಪ್ಸೈಸಿನ್ ಎಂಬುದರ ಅಕ್ಷರಗಳನ್ನು ತಪ್ಪಿಲ್ಲದೆ ಹೇಳಿ, ಅದೇನೆಂದು ಗೊತ್ತಿಲ್ಲದ ಮಗುವನ್ನು ನೋಡಿ ಚಪ್ಪಾಳೆ ತಟ್ಟುವುದು ನನ್ನಿಂದಾಗದು. ಕೋಚಿಂಗ್ ಬೇಕಾದವರಿಗೆ ಊರಿನಲ್ಲಿ ಬೇಕಾದಷ್ಟು ಕೇಂದ್ರಗಳಿವೆ. ನಮ್ಮ ಸಂಘ ಅವುಗಳಿಗೆ ಇನ್ನೊಂದು ಶಾಖೆಯಾಗಬೇಕಿಲ್ಲ.

ಮೂರು: 'ನಮಗೇ ಇದೆಲ್ಲ ಗೊತ್ತಿಲ್ಲವಲ್ಲ?' ಗೊತ್ತಿಲ್ಲದಿರುವುದೇ ಒಳ್ಳೆಯದು. ನನಗೆ ಉತ್ತರ ಗೊತ್ತಿದ್ದಿದ್ದರೆ ಹುಳಿಯ ಮುಂದೆಯೇ ಹೇಳಿ ಮುಗಿಸುತ್ತಿದ್ದೆ. ಅಮ್ಮನಿಗೂ ಗೊತ್ತಿಲ್ಲ, ಅಮ್ಮನೂ ಹುಡುಕುತ್ತಿದ್ದಾಳೆ ಎಂಬುದನ್ನು ಈ ವಯಸ್ಸಿನ ಮಕ್ಕಳು ನೋಡಬೇಕು. ದಾರಿ ತಪ್ಪಿದರೆ ಕೌಂಟರಿನಲ್ಲಿರುವ ಗ್ರಂಥಪಾಲಕರನ್ನು ಕೇಳಿ. ಅದು ಅವರ ಉದ್ಯೋಗ, ಅವರಿಗೆ ತೊಂದರೆಯಲ್ಲ. ನಮ್ಮೂರಿನ ಬೀಗದ ಕೈಯ ಹೆದರಿಕೆ ಇಲ್ಲಿ ಬೇಡ.

ನಾಲ್ಕು: 'ಇದರಲ್ಲಿ ಕನ್ನಡ ಎಲ್ಲಿ ಬಂತು?' ಇದೇ ಮುಖ್ಯವಾದದ್ದು. ನಮ್ಮ ದೊಡ್ಡ ಮಕ್ಕಳು ಕನ್ನಡ ತರಗತಿ ಬಿಡುವುದು ಕನ್ನಡ ಕಷ್ಟವೆಂದಲ್ಲ. ಹದಿಮೂರು ವರ್ಷದ ಬುದ್ಧಿಗೆ ಆರು ವರ್ಷದ ಪಾಠ ಕೊಡುತ್ತೇವೆ, ಅದಕ್ಕೆ. ಅ, ಆ, ಇ, ಈ ಆಯಿತು, ಪ್ರಾಣಿಗಳ ಹೆಸರಾಯಿತು, ಮುಂದೇನು? ಕನ್ನಡವನ್ನು ಒಂದು ವಿಷಯವಾಗಿ ಕಲಿಸಿದರೆ ಅದು ಶಾಲೆಯ ಏಳು ವಿಷಯಗಳ ಜೊತೆ ಎಂಟನೆಯ ಹೊರೆ. ಬೇರೆಲ್ಲೂ ಸಿಗದ ಒಂದು ಉತ್ತರ ಅಜ್ಜಿಯ ಮಾತಿನಲ್ಲಿ ಸಿಕ್ಕಿದ ದಿನ ಅದು ಹೊರೆಯಲ್ಲ, ಕೀಲಿಕೈ. ಲೈಬ್ರರಿಯ ಅಷ್ಟೂ ಪುಸ್ತಕದಲ್ಲಿ ನಮಗೆ ಸಿಗದಿದ್ದ 'ಒಳ್ಳೆಮೆಣಸು' ಪುತ್ತೂರಿನ ಅಡುಗೆಮನೆಯಲ್ಲಿತ್ತು.

ಟೀಕಿಸಿ ಸುಮ್ಮನಾಗುವುದು ಸುಲಭ. ಹಾಗಾಗಿ ನನ್ನ ಸಲಹೆಯನ್ನೂ ಬರೆಯುತ್ತೇನೆ. ತಿಂಗಳಿಗೆ ಎರಡು ಶನಿವಾರ, ಅದೇ ಎರಡು ಗಂಟೆ. ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳು, ಜೊತೆಗೆ ಮನೆಯ ಒಬ್ಬ ಹಿರಿಯರು. ಇಳಿಸಿ ಹೋಗುವಂತಿಲ್ಲ. ಪ್ರಶ್ನೆ ಮಗುವಿನದೇ ಆಗಿರಬೇಕು, ಒಂದೇ ಇರಬೇಕು. ಕನಿಷ್ಠ ನಾಲ್ಕು ಬೇರೆ ಬೇರೆ ನೂರರ ಕಪಾಟುಗಳಿಂದ ಒಂದೊಂದು ಪುಸ್ತಕ. ಒಂದು ಕಡೆ ಲೆಕ್ಕ ಬಂದರೆ ಬಿಡದೆ ಮಾಡುವುದು. ಊರಿನಲ್ಲಿರುವ ಹಿರಿಯರೊಬ್ಬರಿಗೆ ಒಂದು ಫೋನು, ಕನ್ನಡದಲ್ಲಿ. ಕೊನೆಗೆ ಮೀಟಿಂಗ್ ರೂಮಿನಲ್ಲಿ ಕೂತು ಐದು ನಿಮಿಷ ಉಳಿದವರಿಗೆ ಹೇಳುವುದು, ಬಂದಷ್ಟು ಕನ್ನಡದಲ್ಲಿ. ಅಂಕ ಇಲ್ಲ, ಬಹುಮಾನ ಇಲ್ಲ. ಹಾಳೆ ತುಂಬಿಸುವುದಂತೂ ಬೇಡವೇ ಬೇಡ.

ಪ್ರಶ್ನೆಗಳಿಗೆ ಬರವೇ? ಬೇಸ್‌ಬಾಲ್ ಹುಚ್ಚಿನ ಹುಡುಗ, ಎಸೆದ ಚೆಂಡು ಗಾಳಿಯಲ್ಲಿ ಯಾಕೆ ತಿರುಗುತ್ತದೆ ಎಂದು ಕೇಳಲಿ. ಅಪ್ಪ ಕ್ರಿಕೆಟ್ಟಿನ ಸ್ವಿಂಗ್ ವಿಷಯ ತೆಗೆಯಲಿ. ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ಬಂತು, ಅದಕ್ಕೆ ಮೂರು ವರ್ಷ ಮೊದಲು, 1902ರಲ್ಲೇ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಯಾಕೆ? ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ ಎಂಬುದು ಇಲ್ಲಿನ ಮಕ್ಕಳಿಗೆ ಒಳ್ಳೆಯ ಎಳೆ. ಅಥವಾ ಇದು: ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳು ಯಾಕಿವೆ? ನಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, ಪಿ.ಎಲ್. 480 ಗೋಧಿ. 1954ರ ಆ ಕಾನೂನಿನಡಿ ಭಾರತ ಗೋಧಿಯ ಬೆಲೆಯನ್ನು ರೂಪಾಯಿಯಲ್ಲಿ ಕೊಟ್ಟಿತು. ಆ ರೂಪಾಯಿಯ ಒಂದು ಪಾಲಿನಿಂದ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿ ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ಇಲ್ಲಿಗೆ ಕಳಿಸಿತು. ನಾವು ಇಲ್ಲಿ ನೆಲೆಯೂರುವುದಕ್ಕೆ ಮುಂಚೆಯೇ ನಮ್ಮ ಕಥೆ ಕಾದಂಬರಿಗಳು ಬಂದು ಕೂತಿವೆ. ನಮ್ಮ ಪುಟ್ಟ ಲೈಬ್ರರಿಯಲ್ಲಿ ಅವು ಇಲ್ಲದಿದ್ದರೇನು, ಅಂತರ ಗ್ರಂಥಾಲಯ ಎರವಲಿನಲ್ಲಿ ತರಿಸಿಕೊಡುತ್ತಾರೆ, ಕೇಳಬೇಕಷ್ಟೆ. ಕೇಳುವವರಿಲ್ಲದೆ ಅವು ಧೂಳು ತಿನ್ನುತ್ತಿವೆ.

ಹದಿಮೂರರ ನಂತರ ಹದಿನಾರು ಬರುತ್ತದೆ, ಕಾರು ಓಡಿಸುವ ಲೈಸೆನ್ಸ್ ಬರುತ್ತದೆ. ಆಮೇಲೆ ನಮ್ಮ ಜೊತೆ ಶನಿವಾರ ಎಲ್ಲಿಗೂ ಬರುವುದಿಲ್ಲ. ನಮಗಿರುವುದು ಎರಡು ಮೂರು ವರ್ಷ. ಅಷ್ಟನ್ನೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸಲು ಕೊಟ್ಟುಬಿಟ್ಟರೆ ಆಮೇಲೆ ಯಾವ ಕನ್ನಡ ತರಗತಿಯೂ ಅವರನ್ನು ವಾಪಸು ಕರೆತರುವುದಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಮತಕ್ಕೆ ಬರುತ್ತದೆಂದು ಕೇಳಿದ್ದೇನೆ. ಊಟ ಆದಮೇಲೆ ಎಂದು ಎದ್ದು ಹೋಗಬೇಡಿ, ಕೂತು ಕೈ ಎತ್ತಿ. ನನ್ನ ವಿರುದ್ಧವಾಗಿ ಎತ್ತಿದರೂ ಬೇಸರವಿಲ್ಲ. ಆದರೆ ಅದಕ್ಕೆ ಮೊದಲು ಒಂದೇ ಒಂದು ಶನಿವಾರ ನಿಮ್ಮ ಮಗ, ಮಗಳ ಜೊತೆ ಆ ಕಪಾಟುಗಳ ನಡುವೆ ಎರಡು ಗಂಟೆ ನಡೆದು ಬನ್ನಿ. ದಿನಸಿ ಆಮೇಲೂ ತರಬಹುದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸದಸ್ಯೆ